ಗಣಪಿ ಬಿಸಿ ಮಾಡಿದ ಪಿಜ್ಜಾ

ಗಣಪಿಯನ್ನು ನಾನು ಮೊದಲು ಹತ್ತಿರದಿಂದ ಕಂಡದ್ದು ನಮ್ಮ ಅಡುಗೆಮನೆಯ ಹಿಂಬಾಗಿಲಲ್ಲಿ. ನಾನು ನಿವೃತ್ತಳಾಗಿ ಹೊಳನಗದ್ದೆಯಲ್ಲಿ ನೆಲೆಸಿದ ಹೊಸತು. ಅವಳು ಗದ್ದೆಯಂಚಿನ ಮನೆಯ ಗಣಪಿ ಎಂದಷ್ಟೇ ಗೊತ್ತಿತ್ತು. ವಯಸ್ಸು ಐವತ್ತರ ಮೇಲೆ. ವರ್ಷವರ್ಷ ಗದ್ದೆಯಲ್ಲಿ ಬಗ್ಗಿ ಭತ್ತದ ನೆಟ್ಟಿ ಮಾಡಿ ಬೆನ್ನು ತುಸು ಬಾಗಿತ್ತು. ಕೈಯಲ್ಲೊಂದು ಸ್ಟೀಲಿನ ತಾಟು, ಅದರ ಮೇಲೆ ಇನ್ನೊಂದು ತಾಟು ಮುಚ್ಚಿತ್ತು.

"ಅಕ್ಕೋರೇ, ನಿಮ್ಮನ್ನ ಒಂದು ಕೇಳೂದಿತ್ತು," ಎಂದಳು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ನಿವೃತ್ತಿಯಾದರೂ ಆ ಹೆಸರು ಹೋಗುವುದಿಲ್ಲ. "ಇದನ್ನ ಬಿಸಿ ಮಾಡೂದು ಹ್ಯಾಂಗೆ?"

ಮೇಲಿನ ತಾಟು ತೆಗೆದಳು. ಪಿಜ್ಜಾದ ಎರಡು ತುಂಡುಗಳಿದ್ದವು. ಫ್ರಿಜ್ಜಿನಲ್ಲಿಟ್ಟಿದ್ದರಿಂದ ಚೀಸ್ ಮೇಣದಂತೆ ಬಿಗಿದುಕೊಂಡಿತ್ತು. ಅಡಿಯ ರೊಟ್ಟಿ ಮಣೆಯಂತಾಗಿತ್ತು.

ಅವಳ ಸೊಸೆ ಪ್ರಣಿತಾ ಮೂರು ತಿಂಗಳ ಬಸುರಿ. ಉಂಡದ್ದೆಲ್ಲ ವಾಂತಿ. ಹೀಗೇ ಆದರೆ ಆಸ್ಪತ್ರೆಗೆ ಸೇರಿಸಿ ಸಲೈನ್ ಕೊಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಷ್ಟರಲ್ಲಿ ಅವಳಿಗೆ ಪಿಜ್ಜಾದ ಬಯಕೆಯಾಯಿತು. ಮಗ ಲೋಕೇಶ ಹಿಂದಿನ ಸಂಜೆ ಕುಮಟೆಯಿಂದ ಸಣ್ಣದೊಂದನ್ನು ತಂದ. ಅವಳು ಒಂದು ತುಂಡು ತಿಂದಳು. ಅದು ಹೊಟ್ಟೆಯಲ್ಲಿ ನಿಂತಿತು. ಬೆಳಿಗ್ಗೆ ಎದ್ದವಳು ಮತ್ತೆ ಅದನ್ನೇ ಕೇಳಿದ್ದಾಳೆ, ಅದೂ ನಿನ್ನೆ ಇದ್ದ ಹಾಗೇ ಬೇಕಂತೆ. ಅಂಗಡಿ ತೆರೆಯುವುದು ಸಂಜೆಗೆ. ಲೋಕೇಶ ಟೆಂಪೋ ತೆಗೆದುಕೊಂಡು ಭಟ್ಕಳಕ್ಕೆ ಹೋಗಿದ್ದಾನೆ. ಬಸುರಿಯ ಬಯಕೆಯನ್ನು ಸಂಜೆಯವರೆಗೆ ಕಾಯಿಸುವುದುಂಟೇ?

"ಮೂರು ತುಂಡು ಉಳ್ದಿತ್ತು," ಎಂದಳು. "ಒಂದನ್ನ ಅರಶಿನ ಎಲೆಯಲ್ಲಿ ಸುತ್ತಿ ಕಡಬಿನ ಹಾಂಗೆ ಹಬೆಗಿಟ್ಟೆ. ಎಲ್ಲ ಅಂಟಾಗಿ ಎಲೆಗೇ ಹತ್ಕಂತು. ಆ ವಾಸ್ನೆಗೆ ಪ್ರಣಿತಾ ಹಿತ್ಲಿಗೆ ಓಡ್ತು."

ನನಗೂ ಕುತೂಹಲವಾಯಿತು. ಗ್ಯಾಸಿನ ಮೇಲೆ ಕಾವಲಿ ಇಟ್ಟು ಒಂದು ತುಂಡು ಹಾಕಿದೆ. ಅಡಿ ಕರಿ ಹಿಡಿಯಿತು. ಮೇಲಿನ ಚೀಸ್ ಮಾತ್ರ ಇದ್ದ ಹಾಗೇ ಇತ್ತು. ಗಣಪಿ ಬಗ್ಗಿ ಎರಡೂ ಬದಿ ನೋಡಿದಳು.

"ಅಂಗಡಿಯವರು ಮೊಗಚಿ ಹಾಕ್ತ್ರಾ?"

"ಮೊಗಚಿದ್ರೆ ಮೇಲಿನದೆಲ್ಲ ಕಾವಲಿಗೆ ಹತ್ಕಳ್ತದೆ."

"ಮತ್ತೆ ಮೇಲೆ ಬೇಯೂದು ಹ್ಯಾಂಗೆ?"

"ಅವರದ್ದು ಓವನ್, ಗಣಪಿ. ಪೆಟ್ಟಿಗೆ ಹಾಂಗಿರ್ತದೆ. ಕಾವು ಮೇಲಿಂದನೂ ಬತ್ತದೆ."

"ಅಂದ್ರೆ ಸೌತೆಕಾಯಿ ರೊಟ್ಟಿ ಹಾಂಗೇ ಆತು," ಎಂದು ಉಳಿದ ಒಂದು ತುಂಡನ್ನು ಮುಚ್ಚಿಕೊಂಡು ಹೊರಟೇಬಿಟ್ಟಳು. ನಾನೂ ಹಿಂದೆಯೇ ಹೋದೆ.

ಸೌತೆಕಾಯಿ ಬೆರೆಸಿದ ಹಿಟ್ಟನ್ನು ಬಾಳೆಲೆಯ ಮೇಲೆ ಹೊಯ್ದು, ಪಾತ್ರೆ ಮುಚ್ಚಿ, ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುವುದನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಗಣಪಿಯ ಮನೆಯಲ್ಲಿ ಈಗಲೂ ಹಾಗೇ. ಅವಳು ಬಚ್ಚಲೊಲೆಯಿಂದ ತೆಂಗಿನ ಕರಟದ ಕೆಂಡ ತೆಗೆದಳು. ಬಾಣಲೆಯಲ್ಲಿ ತುಂಡನ್ನಿಟ್ಟು ದಪ್ಪ ಮುಚ್ಚಳ ಮುಚ್ಚಿದಳು. ಅಡಿಗೆ ನಾಲ್ಕೇ ಕೆಂಡ, ಮೇಲೆ ಒಂದು ರಾಶಿ.

"ಅಡಿಗೆ ಇಷ್ಟು ಸಾಕು. ಕರಿ ಹಿಡಿಯೂದು ಕಂಡಾತು," ಎಂದು ನನ್ನ ಮುಖ ನೋಡಿದಳು.

ಒಳಗಿನಿಂದ ಪ್ರಣಿತಾಳ ದನಿ ಬಂತು. "ಅತ್ತೆ, ಎಂತ ಮಾಡ್ತ್ರಿ ಇಷ್ಟೊತ್ತು?"

"ನಿನ್ನ ಪಿಜ್ಜಾದ ತಲೆ ಮೇಲೆ ಬೆಂಕಿ ಹಾಕ್ತೆ. ಸುಮ್ನೆ ಮಲ್ಗು."

ಮುಚ್ಚಳ ಎತ್ತಿದಾಗ ಚೀಸ್ ಕರಗಿ ಗುಳ್ಳೆ ಏಳುತ್ತಿತ್ತು. ಅಡಿಯನ್ನು ಉಗುರಿನಿಂದ ತಟ್ಟಿದರೆ ಹಪ್ಪಳದ ಸದ್ದು.

ಪ್ರಣಿತಾ ಎದ್ದು ಕೂತು ತುದಿಯನ್ನು ಕಚ್ಚಿದಳು. ಗಣಪಿ ಬಾಗಿಲ ಚೌಕಟ್ಟು ಹಿಡಿದು ನಿಂತು ಸೊಸೆಯ ಗಂಟಲನ್ನೇ ನೋಡುತ್ತಿದ್ದಳು. ಮೊದಲ ತುತ್ತು ಇಳಿಯಿತು, ಎರಡನೆಯದೂ ಇಳಿಯಿತು. ತಾಟು ಖಾಲಿಯಾಯಿತು.

"ಮೇಲೆ ಚೂರು ಬೂದಿ ಬಿದ್ದಿತ್ತು ಅತ್ತೆ. ಅಡ್ಡಿಲ್ಲ, ಇನ್ನೊಂದು ಕೊಡಿ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಎಲ್ಲಿಂದ ತರ್ಲಿ ಮಗಾ? ಒಂದು ನಾ ಹಬೆಗಿಟ್ಟು ಹಾಳು ಮಾಡ್ದೆ, ಒಂದು ಅಕ್ಕೋರು ಸುಟ್ರು."

ಪ್ರಣಿತಾ ನಕ್ಕಳು. ನಕ್ಕು ಸುಸ್ತಾಗಿ ಗೋಡೆಗೊರಗಿ, "ಹಾಂಗಾರೆ ಗಂಜಿ ಇದ್ರೆ ಹಾಕಿ. ಹಸಿವಾಗ್ತದೆ," ಎಂದಳು.

ಗಣಪಿ ಒಳಗೆ ಹೋದಳು. ಅವಸರದಲ್ಲಿ ಸೌಟು ಪಾತ್ರೆಗೆ ತಾಗಿದ ಸದ್ದು ಕೇಳಿತು. ಆ ಗಂಜಿಯೂ ನಿಂತಿತು. ಸಲೈನಿನ ಮಾತು ಮತ್ತೆ ಬರಲಿಲ್ಲ.

ಅಂದಿನಿಂದ ಗಣಪಿ ನಮ್ಮ ಮನೆಗೆ ಬರುವುದು ರೂಢಿಯಾಯಿತು. ಬಂದಾಗಲೆಲ್ಲ ಒಂದು ಪ್ರಶ್ನೆ ತರುತ್ತಾಳೆ. ಬೆಂಕಿಯೇ ಇಲ್ಲದ ಮೈಕ್ರೊವೇವಿನಲ್ಲಿ ಅನ್ನ ಬಿಸಿಯಾಗುವುದು ಹೇಗೆ? ಚೀಸ್ ನೂಲಿನಂತೆ ಎಳೆ ಬಿಡುತ್ತದೆ, ಬೆಣ್ಣೆಯೇಕೆ ಬಿಡುವುದಿಲ್ಲ? ನನಗೆ ತಿಳಿಯದ್ದನ್ನು ತಿಳಿಯದು ಎನ್ನುತ್ತೇನೆ. ಅವಳಿಗೆ ಅದರಿಂದ ಬೇಸರವಿಲ್ಲ. ಮರುದಿನ ಬೇರೆ ಪ್ರಶ್ನೆ ಇರುತ್ತದೆ.

ಮೊಮ್ಮಗಳಿಗೆ ಈಗ ಎಂಟು ತಿಂಗಳು. ಪ್ರಣಿತಾ ಕುಮಟೆಯ ಔಷಧಿ ಅಂಗಡಿಯ ಕೆಲಸಕ್ಕೆ ಮರಳಿದ್ದಾಳೆ. ಗಣಪಿ ಈ ಮಳೆಗಾಲ ನೆಟ್ಟಿಗೆ ಹೋಗಲಿಲ್ಲ. ಊಟದ ವಿಷಯದಲ್ಲಿ ಮಗು ತಾಯಿಗಿಂತ ಹಟಮಾರಿ. ರಾಗಿ ಮಣ್ಣಿಯನ್ನು ಉಗುಳುತ್ತದೆ, ಬಾಳೆಹಣ್ಣು ಕಂಡರೆ ತುಟಿ ಬಿಗಿಯುತ್ತದೆ. ಅಜ್ಜಿ ದಿನಕ್ಕೊಂದು ಬಗೆ ಮಾಡಿ ನೋಡುತ್ತಾಳೆ. ನಿನ್ನೆ ಬೇಯಿಸಿದ ಗೆಣಸು ನಾಲ್ಕು ಚಮಚ ಹೋಯಿತಂತೆ. ಇವತ್ತು ಜಗಲಿಯಲ್ಲಿ ಕೂತು ಸಿಹಿಗುಂಬಳ ಹಿಸುಕುತ್ತಿದ್ದಾಳೆ.