ನೀಲಿ ದ್ರಾಕ್ಷಿಯ ಕಡ್ಡಿ

ಚಿಂತಾಮಣಿಯಿಂದ ಅಂಬಾಜಿದುರ್ಗದ ಕಡೆ ಹೋಗುವಾಗ ರಸ್ತೆ ಪಕ್ಕದ ತೋಟವೊಂದರಲ್ಲಿ, ಕಲ್ಲುಕಂಬ ವಾಲಿದ್ದ ನೀಲಿ ದ್ರಾಕ್ಷಿಯ ಚಪ್ಪರ ಕೆಡವುತ್ತಿದ್ದರು. ನೀರು ಕೇಳಲು ನಾವಿಬ್ಬರೂ ಕಾರಿನಿಂದ ಇಳಿದೆವು. ತೋಟದ ಯಜಮಾನ ನಾರಾಯಣಪ್ಪ ಹಳೆಯ ಬಳ್ಳಿಯೊಂದರ ಬುಡದಲ್ಲಿ ಕೊಡಲಿ ಇಟ್ಟುಕೊಂಡು ಸುಮ್ಮನೆ ಕೂತಿದ್ದರು.

"ನಮ್ಮನೆಯವಳು ನೆಟ್ಟಿದ್ದು. ಈಗ ಅವಳಿಲ್ಲ. ಕಡಿಯಕ್ಕೆ ಕೈ ಬರ್ತಿಲ್ಲ" ಎಂದರು.

ನನ್ನ ಜೊತೆಗಿದ್ದ ತಂಗಿಯ ಮಗಳು ಸೌಮ್ಯ ಪ್ರಯೋಗಾಲಯದಲ್ಲಿ ಗಿಡಗಳ ಡಿಎನ್‌ಎ ನೋಡುವವಳು. ಅವರ ಪಕ್ಕ ಕೂತಳು.

"ಫ್ರಾನ್ಸಲ್ಲಿ ನೂರಾರು ವರ್ಷ ಮಣ್ಣಲ್ಲಿದ್ದ ದ್ರಾಕ್ಷಿ ಬೀಜ ಸಿಕ್ತು ತಾತ. ಡಿಎನ್‌ಎ ನೋಡಿದ್ರೆ, ಇವತ್ತಿಗೂ ಅಲ್ಲಿ ವೈನ್‌ಗೆ ಬೆಳೆಯೋ ಬಳ್ಳಿದೇ ಅದು. ಜನ ಕಡ್ಡಿಯಿಂದ ಕಡ್ಡಿ ನೆಡ್ತಾ ಬಂದಿದಾರೆ. ಇವತ್ತಿಂದು ಆ ಹಳೇ ಬಳ್ಳಿ ಮಗು ಅಲ್ಲ, ಅದೇ ಬಳ್ಳಿ."

"ಹಂಗಾದ್ರೆ ಇದರ ಕಡ್ಡಿ ನೆಟ್ರೂ ಇದೇನಾ?"

"ಇದೇ ತಾತ."

ಜೀವಮಾನವೆಲ್ಲ ಕಡ್ಡಿ ನೆಟ್ಟವರು, ಹೀಗೆಂದು ಯೋಚಿಸಿಯೇ ಇರಲಿಲ್ಲವಂತೆ. ಎದ್ದು ಸೊಸೆಯನ್ನು ಕೂಗಿ ಕುಡುಗೋಲು ತರಿಸಿದರು. ಮನೆಯಂಗಳದಲ್ಲಿ ನೆಡಲೆಂದು ಒಂದು ಹಿಡಿ ಕಡ್ಡಿ ಕತ್ತರಿಸಿ ಒದ್ದೆ ಗೋಣಿಯಲ್ಲಿ ಸುತ್ತಿದರು. ಮುಖ ಹಗುರಾಗಿತ್ತು.

"ಯಾವೂರಮ್ಮ ನಿಮ್ದು?"

"ಮೈಸೂರು" ಎಂದೆ.

ಕಟ್ಟು ಬಿಚ್ಚಿ ಎರಡು ಕಡ್ಡಿ ತೆಗೆದು ಸೌಮ್ಯಳ ಕೈಗಿಟ್ಟರು. "ತಗೊಂಡು ಹೋಗಮ್ಮ. ನಮ್ಮನೆಯವಳು ಮೈಸೂರು ನೋಡಿರ್ಲಿಲ್ಲ."