ಅಣ್ಣನಿಗೆ ಗೊತ್ತಾಗದ ಹಾಗೆ ಇಳಿಸಿದ ಗಿಟಾರು

ನಮ್ಮ ಆರ್ಕೆಸ್ಟ್ರಾದ ಗಾಯಕರ ಕಂಠ ಇಳಿದಿತ್ತು. ಅವರೊಬ್ಬರನ್ನು ಬಿಟ್ಟು ಮಿಕ್ಕವರಿಗೆಲ್ಲ ಅದು ಗೊತ್ತಿತ್ತು.

ಅವರು ಕಡೂರು–ತರೀಕೆರೆ ಬಸ್ಸಿನಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು. ನಾವೆಲ್ಲ ಅವರನ್ನು ಅಣ್ಣ ಎನ್ನುತ್ತೇವೆ. ನನ್ನದು ಅಜ್ಜಂಪುರದಲ್ಲಿ ಔಷಧಿ ಅಂಗಡಿ. ಫಾರ್ಮಸಿ ಓದುವಾಗ ಹಾಸ್ಟೆಲಿನಲ್ಲಿ ಕಲಿತ ಗಿಟಾರು ಕೈಬಿಟ್ಟು ಹೋಗದಿರಲೆಂದು ಅಣ್ಣನ ತಂಡ ಸೇರಿಕೊಂಡೆ. ಹೈಸ್ಕೂಲು ಮೇಷ್ಟ್ರಾದ ನನ್ನ ಗಂಡ ಕೀಬೋರ್ಡ್ ನುಡಿಸುತ್ತಾರೆ. ಮದುವೆ, ನಾಮಕರಣ, ಗೃಹಪ್ರವೇಶ, ಕರೆದ ಕಡೆಗೆ ಹೋಗುತ್ತೇವೆ.

ಅಣ್ಣ ಹಾಡುವುದು ಇ ಸ್ಕೇಲಿನಲ್ಲಿ, ಅಂದರೆ ಬಹಳ ಎತ್ತರದ ಶ್ರುತಿಯಲ್ಲಿ. ಅದು ಅವರಿಗೆ ಮನೆತನದ ಮರ್ಯಾದೆಯ ಹಾಗೆ. ಸಿಂಗಟಗೆರೆಯ ಒಂದು ಆರತಕ್ಷತೆಯಲ್ಲಿ ಮೇಲಿನ ಸ್ವರಕ್ಕೆ ಏರಿದಾಗ ಅವರ ದನಿ ಎರಡಾಗಿ ಸೀಳಿತು. ಮುಂದಿನ ಸಾಲಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಣ್ಣ ಮೈಕನ್ನು ಎರಡು ಸಲ ತಟ್ಟಿ, ಅದನ್ನೇ ದುರುಗುಟ್ಟಿ ನೋಡಿದರು.

ಮರುದಿನ ನಾನೇ ಮೆಲ್ಲಗೆ ಕೇಳಿದೆ: "ಅಣ್ಣ, ಒಂದು ಸ್ವರ ಕೆಳಗೆ ಹಾಡಿದ್ರೆ ಹೆಂಗೆ?"

"ಇಪ್ಪತ್ತೈದು ವರ್ಷದಿಂದ ನಂದು ಇ ಕಣಮ್ಮ. ಕೆಳಗೆ ಇಳಿದು ಹಾಡೋದಾದ್ರೆ ಮನೇಲೇ ಕೂತ್ಕೊಂಡು ಹಾಡ್ತೀನಿ, ನಿಮ್ಮನ್ನೆಲ್ಲ ಯಾಕೆ ಕರ್ಕೊಂಡು ಹೋಗ್ಲಿ?" ಎಂದು ಎದ್ದು ಹೋದರು.

ಆ ವಾರ ಅಣ್ಣನ ಹೆಂಡತಿ ಅಂಗಡಿಗೆ ಬಂದು ಗಂಟಲಿನ ಮಾತ್ರೆ ತೆಗೆದುಕೊಂಡರು. ಹೊರಡುವಾಗ ಹಿಂದೆ ಮುಂದೆ ನೋಡಿ, "ಏನಾದ್ರೂ ಮಾಡೇ. ಹೇಳಿದ್ರೆ ಕೇಳಲ್ಲ, ಹೇಳ್ದೇನೇ ಮಾಡು" ಅಂದರು.

ಹೇಳದೆ ಮಾಡುವುದು ನನ್ನ ಗಂಡನಿಗೆ ಸುಲಭ. ಕೀಬೋರ್ಡಿನಲ್ಲಿ ಒಂದು ಗುಂಡಿ ಒತ್ತಿದರೆ ಇಡೀ ವಾದ್ಯವೇ ಕೆಳಗಿಳಿಯುತ್ತದೆ, ಬೆರಳುಗಳು ಮಾತ್ರ ಹಳೆಯ ಜಾಗದಲ್ಲೇ ಓಡಾಡುತ್ತವೆ. ತೊಂದರೆ ಇದ್ದದ್ದು ನನಗೆ. ಅಣ್ಣ ಯಾವುದೋ ಕಾಲದಲ್ಲಿ ಗಿಟಾರಿನ ಮೇಲೆ ಬೆರಳಿಟ್ಟು ಮೂರು ಕಾರ್ಡ್ ಹಿಡಿಯುವುದನ್ನು ಕಲಿತಿದ್ದರು. ವೇದಿಕೆಯ ಮೇಲೆ ಹಾಡು ಶುರುವಾಗುವ ಮುಂಚೆ ನನ್ನ ಎಡಗೈಯನ್ನು ಒಮ್ಮೆ ನೋಡುತ್ತಿದ್ದರು. ಬೆರಳು ಇ ಹಿಡಿದಿದ್ದರೆ ತೃಪ್ತಿ. ಅದಕ್ಕಿಂತ ಒಂದು ಸ್ವರ ಕೆಳಗಿನ ಡಿ ಹಿಡಿದರೆ ನಾನು ಅಲ್ಲೇ ಸಿಕ್ಕಿಬೀಳುತ್ತಿದ್ದೆ.

"ಹಂಗಾದ್ರೆ ಗಿಟಾರನ್ನೇ ಇಳಿಸು. ಬೆರಳು ಇ ಹಿಡೀಲಿ, ಬರೋದು ಡಿ ಬರಲಿ" ಎಂದರು ನನ್ನ ಗಂಡ, ಹುಡುಗರಿಗೆ ಲೆಕ್ಕ ಹೇಳಿಕೊಡುವ ದನಿಯಲ್ಲಿ.

ಆರೂ ತಂತಿಗಳನ್ನು ಒಂದೊಂದು ಸ್ವರ ಸಡಿಲಿಸಿದೆ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋತುಬಿದ್ದವು. ಮೀಟಿದರೆ ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂತ ಲೋಹದ ಫ್ರೆಟ್ಟುಗಳಿಗೆ ಬಡಿದು ಜಿರ್ರೆನ್ನುತ್ತಿದ್ದವು, ಸ್ವಲ್ಪ ಒತ್ತಿ ಹಿಡಿದರೆ ಅಪಸ್ವರ. ಇಳಿಸಿದ ಮೇಲೂ ಬಿಗಿಯಾಗಿರಬೇಕಾದರೆ ದಪ್ಪ ತಂತಿ ಬೇಕು. ತರಿಸಿದೆ. ಆದರೆ ಕತ್ತಿನ ತುದಿಯಲ್ಲಿ ತಂತಿ ಕೂರುವ ಸಣ್ಣ ಪಟ್ಟಿ ಇದೆಯಲ್ಲ, ಅದರ ಗೀರುಗಳು ಹಳೆಯ ತೆಳು ತಂತಿಗೆ ಮಾಡಿದವು. ಹೊಸವು ಅದರೊಳಗೆ ಇಳಿಯದೆ ಮೇಲೇ ಕೂತವು. ಗೀರನ್ನು ಅಗಲ ಮಾಡುವ ಅರ ನನ್ನ ಬಳಿ ಇರಲಿಲ್ಲ.

ತರೀಕೆರೆಯಲ್ಲಿ ಗ್ಯಾಸ್ ಒಲೆ ರಿಪೇರಿ ಮಾಡುವ ಸಾಬರೊಬ್ಬರು ನಮ್ಮ ಮನೆಯ ಒಲೆಯನ್ನೂ ಸರಿಮಾಡಿಕೊಟ್ಟಿದ್ದರು. ಅವರ ಹತ್ತಿರ ಬರ್ನರಿನ ತೂತು ಬಿಡಿಸುವ ತಂತಿಗಳ ಗೊಂಚಲೊಂದಿತ್ತು. ಒಂದಕ್ಕಿಂತ ಒಂದು ದಪ್ಪ, ಮೈಯೆಲ್ಲ ಅರದ ಹಾಗೆ ತರಿ. ಅದು ನೆನಪಾಗಿ ಗಿಟಾರು ಹೊತ್ತುಕೊಂಡು ಬಸ್ಸು ಹತ್ತಿದೆ.

"ಏನಮ್ಮಾ, ಇದ್ರಲ್ಲೂ ಗ್ಯಾಸ್ ಬರ್ತಿಲ್ವಾ?" ಎಂದರು ಸಾಬರು ಚೀಲ ಬಿಚ್ಚಿದಾಗ.

ವಿಷಯ ಹೇಳಿದೆ. ಒಂದೊಂದು ತಂತಿಗೂ ಅಳತೆ ನೋಡಿ ಗೊಂಚಲಿನಿಂದ ಅದಕ್ಕಿಂತ ಕೂದಲೆಳೆಯಷ್ಟು ದಪ್ಪದ್ದನ್ನು ಆರಿಸಿ, ಗೀರಿನಲ್ಲಿ ಹಿಂದೆ ಮುಂದೆ ಆಡಿಸತೊಡಗಿದರು. ನಾನು ಅವಸರ ಮಾಡಿದಾಗ ಕೈ ನಿಲ್ಲಿಸಿ, "ಅಗಲ ಮಾಡೋದು ಅಷ್ಟೇಯಾ. ಆಳ ಹೋಯ್ತು ಅಂದ್ರೆ ನಾನು ಜವಾಬ್ದಾರಿ ಅಲ್ಲ" ಅಂದರು. ಆಮೇಲೆ, "ಯಾಕೆ ಇಷ್ಟು ಕಷ್ಟ?" ಎಂದು ಕೇಳಿದರು.

ಕಂಡಕ್ಟರಣ್ಣನ ಕಥೆ ಹೇಳಿದೆ. ನಕ್ಕ ರಭಸಕ್ಕೆ ಅವರ ಕನ್ನಡಕ ಮೂಗಿನ ತುದಿಗೆ ಜಾರಿತು. "ಯಾ ಅಲ್ಲಾ! ಅವ್ರ ಬಸ್ಸಲ್ಲಿ ಎಷ್ಟು ವರ್ಷ ಓಡಾಡಿದೀನಿ ನಾನು. ಟಿಕೆಟ್ ಹರಿಯೋವಾಗ್ಲೂ ಹಾಡೋರು. ನಾನು ಯಾರಿಗೂ ಹೇಳಲ್ಲ, ಹೋಗಿ."

ಮನೆಗೆ ಬಂದು ತಂತಿ ಬಿಗಿದರೆ ಅದರ ಎಳೆತಕ್ಕೆ ಗಿಟಾರಿನ ಕತ್ತು ಸಣ್ಣಗೆ ಮುಂದಕ್ಕೆ ಬಾಗಿತು. ಈ ಬಾಗು ತಿದ್ದಲೆಂದೇ ಕತ್ತಿನೊಳಗೆ ಒಂದು ಸರಳಿರುತ್ತದೆ. ಸೈಕಲ್ ಅಂಗಡಿಯಿಂದ ಕೀಲಿ ತಂದು ಅದನ್ನು ಕಾಲು ಸುತ್ತು ತಿರುಗಿಸಿದೆ, ಒಂದು ದಿನ ಬಿಟ್ಟು ಇನ್ನೊಂದಿಷ್ಟು. ಕೊನೆಗೆ ಫ್ರೆಟ್ಟುಗಳ ನಡುವಿನ ಹನ್ನೆರಡನೇ ಮನೆ ಒತ್ತಿದಾಗ ಬರುವ ಸ್ವರ, ಒತ್ತದೆ ಬಿಟ್ಟ ತಂತಿಯ ಸ್ವರಕ್ಕೆ ಸರಿಯಾಗಿ ಹೊಂದಬೇಕು. ಇಲ್ಲವಾದರೆ ಮೇಲಕ್ಕೆ ಹೋದಷ್ಟೂ ಕಿವಿಗೆ ಹುಳಿ ಹುಳಿ. ನನ್ನ ಗಂಡ ಫೋನಿನಲ್ಲಿ ಸ್ವರ ಅಳೆಯುವ ಮುಳ್ಳು ನೋಡುತ್ತ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ" ಎನ್ನುತ್ತಿದ್ದರು. ನಾನು ಬುಡದ ಸ್ಕ್ರೂ ತಿರುಗಿಸಿ ಒಂದೊಂದೇ ತಂತಿಯನ್ನು ಹೊತ್ತ ಪುಟ್ಟ ಕುದುರೆಯನ್ನು ಹಿಂದಕ್ಕೆ ಸರಿಸಿದೆ. ಆಮೇಲೆ ಮೀಟಿದಾಗ ಬಂದ ನಾದ ಎಷ್ಟು ತುಂಬಿತ್ತೆಂದರೆ, ಮೋಸಕ್ಕೆಂದು ಹೊರಟಿದ್ದು ಮರೆತೇಹೋಯಿತು.

ಸಖರಾಯಪಟ್ಟಣದ ಗೃಹಪ್ರವೇಶದಲ್ಲಿ ಮೊದಲ ಪರೀಕ್ಷೆ. ಅಣ್ಣ ನನ್ನ ಕೈ ನೋಡಿದರು. ಇ. ತಲೆಯಾಡಿಸಿ ಶುರುಮಾಡಿದರು. ಆ ಮೇಲಿನ ಸ್ವರ ಸಲೀಸಾಗಿ ಬಂದುಬಿಟ್ಟಿತು. ಹಾಡು ಮುಗಿಸಿ ನನ್ನ ಕಡೆ ಬಾಗಿ, "ನೋಡ್ದಾ? ಅವತ್ತು ಮೈಕೇ ಸರಿ ಇರ್ಲಿಲ್ಲ" ಅಂದರು.

ಅಲ್ಲಿಂದ ಮುಂದೆ ಅವರನ್ನು ಹಿಡಿಯುವವರೇ ಇಲ್ಲ. ಬಿಟ್ಟಿದ್ದ ಹಾಡುಗಳನ್ನೆಲ್ಲ ಮತ್ತೆ ಎತ್ತಿಕೊಂಡರು. ಬೆಳಿಗ್ಗೆ ಮೆಣಸಿನ ಬಿಸಿನೀರು ಕುಡಿದರೆ ಕಂಠಕ್ಕೆ ವಯಸ್ಸಾಗುವುದಿಲ್ಲವೆಂದು ಸಿಕ್ಕಿದವರಿಗೆಲ್ಲ ಉಪದೇಶ ಮಾಡಿದರು. ನನ್ನ ಅಂಗಡಿಗೆ ಬಂದ ಇಬ್ಬರು ಭಜನೆಯವರು "ಅಣ್ಣನೋರು ತಗೊಳೋ ಮೆಣಸು ಯಾವ್ದು?" ಎಂದು ಕೇಳಿದರು. ನಾನು ದಿನಸಿ ಅಂಗಡಿಯ ಕಡೆ ಕೈ ತೋರಿಸಿದೆ.

ನಾಲ್ಕು ತಿಂಗಳಾದ ಮೇಲೆ ಹಿರೇನಲ್ಲೂರಿನ ಮದುವೆ. ನನ್ನ ಗಂಡನಿಗೆ ಪರೀಕ್ಷೆಯ ಕೆಲಸ ಬಿದ್ದು, ಅವರ ಬದಲು ಕಡೂರಿನ ಲೆಕ್ಚರರ್ ಒಬ್ಬರು ಕೀಬೋರ್ಡಿಗೆ ಬಂದರು. ಅವರಿಗೆ ಗುಂಡಿಯ ವಿಷಯ ಹೇಳಲು ನಾನು ಮರೆತೆ. ಅವರು ಇ ಯಲ್ಲಿ ಎತ್ತಿಕೊಂಡರು, ನನ್ನದು ಡಿ ಯಲ್ಲಿ ಬಿತ್ತು. ಪಾತ್ರೆ ಅಂಗಡಿಯ ಕಪಾಟು ಉರುಳಿದಂತಾಯಿತು. ತಾಳಿ ಕಟ್ಟಿಸಿಕೊಂಡು ಕೂತಿದ್ದ ಮದುಮಗಳು ಕೂಡ ತಿರುಗಿ ನೋಡಿದಳು.

ಅಣ್ಣ ನನ್ನ ಕೈ ನೋಡಿದರು. ಇ ಸರಿಯಾಗಿಯೇ ಇತ್ತು. ಲೆಕ್ಚರರ ಕಡೆ ತಿರುಗಿ, "ಸಾರ್, ನಿಮ್ಮ ಪೆಟ್ಟಿಗೆ ಕೆಟ್ಟಿದೆ" ಎಂದರು.

"ಇಲ್ಲಣ್ಣ, ಹೊಸದು ಕಣ್ರೀ ಇದು."

"ಹೊಸದಾದ್ರೇನು? ಈ ಅಮ್ಮನ ಕೈ ನೋಡ್ರೀ!"

ನಾನು ಅಣ್ಣನ ಬೆನ್ನ ಹಿಂದಿನಿಂದ ಎರಡು ಬೆರಳನ್ನು ನೆಲದ ಕಡೆ ತೋರಿಸಿದೆ, ಅರ್ಧರ್ಧ ಸ್ವರದ ಎರಡು ಮೆಟ್ಟಿಲು ಇಳಿಸಿ ಎಂದು. ಪುಣ್ಯಾತ್ಮರಿಗೆ ಅರ್ಥವಾಯಿತು, ಗುಂಡಿ ಒತ್ತಿದರು. ಕಾರ್ಯಕ್ರಮ ಸಾಂಗವಾಗಿ ಸಾಗಿತು.

ಎಲ್ಲ ಕೆಟ್ಟಿದ್ದು ಊಟದ ಪಂಕ್ತಿಯಲ್ಲಿ. ಅಣ್ಣನ ಪಕ್ಕ ಕೂತಿದ್ದ ಲೆಕ್ಚರರು ನಿಷ್ಕಪಟವಾಗಿ ಹೊಗಳಿಬಿಟ್ಟರು: "ಮೇಡಂ, ಗಿಟಾರನ್ನ ಡಿ ಗೆ ಇಳಿಸಿ ಎಷ್ಟು ಚೆನ್ನಾಗಿ ಸೆಟ್ ಮಾಡಿದೀರ! ಒಂದು ಚೂರೂ ಜಿರ್ ಅನ್ನಲ್ಲ."

ಅಣ್ಣನ ಕೈಯಲ್ಲಿದ್ದ ಹೋಳಿಗೆ ಬಾಯಿಯ ಹತ್ತಿರ ನಿಂತಿತು. ಅದನ್ನು ಎಲೆಗೆ ಇಟ್ಟು ಎದ್ದರು. ವ್ಯಾನಿನಲ್ಲಿ ಅಜ್ಜಂಪುರದವರೆಗೂ ಕಿಟಕಿಯ ಕಡೆ ಮುಖ ಮಾಡಿ ಕೂತರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಇಪ್ಪತ್ತೈದು ವರ್ಷ ತಲೆಯೆತ್ತಿ ಹಾಡಿದವರನ್ನು ಮಗುವಿನ ಹಾಗೆ ನಡೆಸಿಕೊಂಡೆನಲ್ಲ ಎನಿಸಿತು.

ಮರುದಿನ ಸಂಜೆ ಅಣ್ಣ ನೇರ ನಮ್ಮ ಮನೆಗೆ ಬಂದರು. "ಹಳೇ ಇ ಗೆ ತಗೊಂಡು ಹೋಗು. ಹಾಡ್ತೀನಿ" ಎಂದರು.

ಎರಡನೇ ಮನೆಗೆ ತಂತಿಗಳನ್ನೆಲ್ಲ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್ಪು ಹಾಕಿದರೆ ಗಿಟಾರು ಇ ಗೆ ಏರುತ್ತದೆ. ಹಾಕಿದೆ. ಅಣ್ಣ ಕಣ್ಣು ಮುಚ್ಚಿ ಹಾಡಿದರು. ಸಿಂಗಟಗೆರೆಯಲ್ಲಿ ಎಲ್ಲಿ ಸೀಳಿತ್ತೋ ಅಲ್ಲೇ ದನಿ ಸೀಳಿತು. ನನ್ನ ಗಂಡ ಮಕ್ಕಳ ಉತ್ತರಪತ್ರಿಕೆಯಲ್ಲಿ ಮುಖ ಹುದುಗಿಸಿದರು.

"ತೆಗಿ ಅದನ್ನ" ಎಂದರು ಅಣ್ಣ. ತೆಗೆದೆ. ಮತ್ತೆ ಹಾಡಿದರು, ಈ ಸಲ ಕೊನೆಯವರೆಗೂ. ಮುಗಿಸಿ ನನ್ನ ಕಡೆ ತಿರುಗಿದರು.

"ಇನ್ನ್ಯಾರ್ ಯಾರಿಗೆ ಗೊತ್ತು?"

"ಇವರಿಗೆ. ತರೀಕೆರೆ ಒಲೆ ಸಾಬರಿಗೆ."

"ನಮ್ಮನೆಯವಳಿಗೆ?"

ನಾನು ಗಂಡನ ಮುಖ ನೋಡಿದೆ. "ಅವರೇ ಅಣ್ಣ, ಮೊದಲು ಹೇಳಿದ್ದು."

ಅಣ್ಣ ಗೋಡೆಗೆ ಒರಗಿ, ಭುಜ ಕುಣಿಯುವ ಹಾಗೆ ನಗತೊಡಗಿದರು. "ಎಲಾ ಇವಳಾ! ಬೆಳಗಾಗೆದ್ದು ಮೆಣಸಿನ ನೀರು ಕಾಯಿಸಿ ಕೊಡ್ತಾಳಲ್ಲ, ಒಂದು ದಿನಾನಾದ್ರೂ ಮುಖದಲ್ಲಿ ತೋರಿಸ್ಲಿಲ್ಲ ನೋಡು!" ಕಣ್ಣೊರೆಸಿಕೊಂಡು, ನನ್ನ ಹತ್ತಿರ ಸರಿದು ದನಿ ತಗ್ಗಿಸಿದರು. "ಇನ್ನೊಂದು ಅರ್ಧ ಇಳಿಸೋಕಾಗುತ್ತಾ? ಮೂರನೇ ಚರಣದಲ್ಲಿ ಉಸಿರು ಸಾಲ್ತಿಲ್ಲ."

ಇಳಿಸಿದೆ. ಇನ್ನೂ ದಪ್ಪನೆಯ ತಂತಿ ಬಂತು, ಕತ್ತಿನ ಸರಳಿಗೆ ಮತ್ತೊಂದಿಷ್ಟು ತಿರುವು, ಕುದುರೆಗಳು ಮತ್ತೂ ಹಿಂದಕ್ಕೆ. ಈ ಸಲ ಸ್ವರದ ಮುಳ್ಳು ನೋಡಿ "ಇನ್ನೂ ಸ್ವಲ್ಪ" ಎಂದವರು ಸ್ವತಃ ಅಣ್ಣ.

ಆಮೇಲಿನ ಕಾರ್ಯಕ್ರಮ ಕಡೂರಿನಲ್ಲಿತ್ತು. ಅಣ್ಣ ಮೈಕ್ ಹಿಡಿದು, "ಮುಂದಿನ ಹಾಡನ್ನ ಹಾಡೋರೇ ಇಲ್ಲ ಈಗ, ಯಾಕಂದ್ರೆ ಇದು ಬಹಳ ಎತ್ತರದ ಸ್ಕೇಲು" ಎಂದು ಘೋಷಿಸಿದರು. ಜನ ಚಪ್ಪಾಳೆ ತಟ್ಟಿದರು. ನಾನು ತಲೆ ಬಗ್ಗಿಸಿ, ತುಟಿ ಕಚ್ಚಿಕೊಂಡು, ಇ ಹಿಡಿದೆ.