ಕೊಬ್ಬರಿ ಎಣ್ಣೆ ಕುಡಿದ ಗರಗಸ

ನನಗೆ ಮೂಗಿನ ತುದಿಯಲ್ಲೇ ಕೋಪ. ಈಗ ವಯಸ್ಸಾಗಿ ಕೈ ನಡುಗುತ್ತದೆ, ಹಾಗಾಗಿ ಊರವರು ನನ್ನನ್ನು ಸಾಧು ಮನುಷ್ಯ ಅನ್ನುತ್ತಾರೆ. ಮೂವತ್ತರಲ್ಲಿ ನನ್ನನ್ನು ಕಂಡವರು ಹಾಗನ್ನುವುದಿಲ್ಲ. ಮಾತಿಗಿಂತ ಮೊದಲು ಕೈ ಏಳುತ್ತಿತ್ತು. ಎತ್ತಿಗೆ ಹೊಡೆದಿದ್ದೇನೆ, ಬಾಗಿಲಿಗೆ ಒದ್ದಿದ್ದೇನೆ, ನೀರೆತ್ತದ ಪಂಪ್‌ಸೆಟ್ಟಿನ ಮೇಲೆ ಕಲ್ಲು ಎತ್ತಿ ಹಾಕಿದ್ದೇನೆ. ಎಲ್ಲರಿಗಿಂತ ಹೆಚ್ಚಾಗಿ ಹೊಡೆದದ್ದು ನನ್ನ ತಮ್ಮನಿಗೆ. ಅವನು ನನಗಿಂತ ಆರು ವರ್ಷ ಚಿಕ್ಕವನು, ಎತ್ತರದಲ್ಲಿ ಅರ್ಧ ಅಡಿ ಹೆಚ್ಚು. ತಿರುಗಿ ಒಂದೇ ಒಂದು ಕೊಟ್ಟಿದ್ದರೂ ನಾನು ಎದ್ದೇಳುತ್ತಿರಲಿಲ್ಲ. ಅವನು ಯಾವತ್ತೂ ಕೊಡಲಿಲ್ಲ.

ಎಂಬತ್ತರ ದಶಕದ ಶುರುವಿನಲ್ಲಿ ನಾವಿಬ್ಬರೂ ತೆಂಗಿನ ಮರ ಕಡಿಯುವ ಕೆಲಸ ಮಾಡುತ್ತಿದ್ದೆವು. ಕೇಳಿದವರು ಪಾಪದ ಕೆಲಸ ಅನ್ನುತ್ತಿದ್ದರು. ಆದರೆ ಶೆಟ್ಟಿಕೆರೆಯಿಂದ ಹಂದನಕೆರೆಯವರೆಗೆ ಎಷ್ಟೋ ತೋಟಗಳಲ್ಲಿ ಬುಡದಿಂದ ಕೆಂಪು ರಸ ಸೋರಿ ಮರಗಳು ಒಳಗೊಳಗೇ ಟೊಳ್ಳಾಗುತ್ತಿದ್ದವು. ಅಂಥವನ್ನು ಬಿಟ್ಟರೆ ಪಕ್ಕದ ಮರಕ್ಕೂ ರೋಗ ಹತ್ತುತ್ತದೆ ಎಂದು ತೋಟದವರೇ ನಮ್ಮನ್ನು ಕರೆಯುತ್ತಿದ್ದರು. ತಮ್ಮ ಮರ ಹತ್ತಿ ಮೇಲ್ಗಡೆ ನಾರಿನ ಹಗ್ಗ ಕಟ್ಟಿ ಇಳಿಯುತ್ತಿದ್ದ. ನಾನು ಬುಡ ಕೊಯ್ಯುವಾಗ ಅವನು ದೂರ ನಿಂತು, ಮರ ಬೀಳಬೇಕಾದ ಕಡೆಗೆ ಎಳೆಯುತ್ತಿದ್ದ. ಆ ಹಗ್ಗವಿಲ್ಲದಿದ್ದರೆ ಟೊಳ್ಳು ಮರ ಎತ್ತ ಬೀಳುತ್ತದೆಂದು ಯಾರೂ ಹೇಳಲಾಗದು.

ಮೊದಲು ನಮ್ಮಲ್ಲಿ ಇಬ್ಬರು ಎಳೆಯುವ ಉದ್ದನೆಯ ಗರಗಸವಿತ್ತು. ಮಲೆನಾಡಿನಲ್ಲಿ ನಾಟಾ ಮರ ಕೊಯ್ದು ಸವೆದಿದ್ದ ಒಂದು ಮಿಷನ್ ಗರಗಸ ಅರಸೀಕೆರೆಯ ಸಾಮಿಲ್ಲಿನವನೊಬ್ಬನ ಹತ್ತಿರ ಸಿಕ್ಕಿತು. ಅದು ಮನೆಗೆ ಬಂದ ವಾರವೇ ಹಳೆಯ ಗರಗಸವನ್ನು ಮಾರಿಬಿಟ್ಟೆ. ಅಷ್ಟು ಕೊಬ್ಬು ನನಗೆ. ದಾರ ಎಳೆದು ಸ್ಟಾರ್ಟ್ ಮಾಡುವ ಈ ಮಿಷನ್ನಿಗೂ ನನ್ನದೇ ಬುದ್ಧಿ, ಯಾವಾಗ ಮುನಿಸಿಕೊಳ್ಳುತ್ತದೋ ಗೊತ್ತಾಗುತ್ತಿರಲಿಲ್ಲ. ಚೋಕ್ ಜಾಸ್ತಿ ಎಳೆದರೆ ಪೆಟ್ರೋಲು ನುಗ್ಗಿ ಒಳಗಿನ ಪ್ಲಗ್ಗು ತೊಯ್ದುಹೋಗುತ್ತಿತ್ತು. ಆಗ ಪ್ಲಗ್ಗು ಬಿಚ್ಚಿ, ನನ್ನ ಖಾಕಿ ನಿಕ್ಕರಿನ ತೊಡೆಗೆ ಉಜ್ಜಿ ಒರೆಸಿ, ಮತ್ತೆ ಹಾಕಬೇಕು. ಬಲತೊಡೆಯ ಮೇಲೆ ಅಂಗೈಯಗಲ ಕರಿ ಮಸಿ ಕೂತಿತ್ತು. ಎಷ್ಟು ಸೋಪು ಉಜ್ಜಿದರೂ ಹೋಗಲಿಲ್ಲ.

ಪೆಟ್ರೋಲಿಗೆ ಮಿಷನ್ ಆಯಿಲ್ ಬೆರೆಸಿಯೇ ಹಾಕಬೇಕು, ಇಲ್ಲದಿದ್ದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ ಎಂದು ಮಾರಿದವನು ಹೇಳಿದ್ದ. ಅವನು ಕೊಟ್ಟ ಡಬ್ಬಿ ಬೇಸಿಗೆಯಲ್ಲೇ ಮುಗಿಯಿತು. ಒಂದು ಡಬ್ಬಿ ಎಣ್ಣೆಗೆ ತಿಪಟೂರಿಗೆ ಯಾರು ಹೋಗುತ್ತಾರೆ? ನಮ್ಮ ಮನೆಯಲ್ಲಿ ಇನ್ನೇನಿಲ್ಲದಿದ್ದರೂ ಕೊಬ್ಬರಿ ಎಣ್ಣೆಗೆ ಬರವಿರಲಿಲ್ಲ. ಒಂದು ಲೋಟ ತಂದು ಸುರಿದೆ. ಮಿಷನ್ ಗುಡುಗಿಕೊಂಡು ಓಡಿತು. ಹೊಗೆಯೆಲ್ಲ ಒಗ್ಗರಣೆಯ ಹಾಗೆ ಘಮಘಮ ಅನ್ನುತ್ತಿತ್ತು. ನನ್ನಷ್ಟು ಬುದ್ಧಿವಂತ ಮೂರು ತಾಲ್ಲೂಕಿನಲ್ಲಿ ಇಲ್ಲ ಅಂದುಕೊಂಡೆ.

ಸುಗ್ಗಿ ಅಂತ ನಾಲ್ಕೈದು ವಾರ ಮಿಷನ್ ಮೂಲೆಯಲ್ಲಿ ಕೂತಿತ್ತು. ಆಮೇಲೆ, ಮೈ ಕೊರೆಯುವ ಮಾಗಿಯ ಒಂದು ಬೆಳಗ್ಗೆ, ರೋಗ ಹತ್ತಿದ ಮರವೊಂದನ್ನು ಕಡಿಯಲು ಹಂದನಕೆರೆ ಕಡೆಯ ಒಂದು ತೋಟಕ್ಕೆ ಹೋದೆವು. ತೋಟದ ಯಜಮಾನರು ವಯಸ್ಸಾದವರು, ಕಂಬಳಿ ಹೊದ್ದು ಬದುವಿನ ಮೇಲೆ ಕೂತಿದ್ದರು. ಹೊಸ ಪೆಟ್ರೋಲು ಹಾಕಿ ದಾರ ಎಳೆದೆ. ಹತ್ತಲಿಲ್ಲ. ಇಪ್ಪತ್ತು ಸಲ, ಮೂವತ್ತು ಸಲ ಎಳೆದೆ. ದಾರ ಹಿಂದಕ್ಕೆ ಕಿತ್ತುಕೊಂಡು ಬೆರಳಿನ ಗೆಣ್ಣು ಹರಿಯಿತು. ರಕ್ತ ಹಿಡಿಯ ಮೇಲೆಲ್ಲ ಸುರಿದು ಕೈ ಜಾರತೊಡಗಿತು. ಮಿಷನ್ನಿಗೆ ಒದ್ದೆ. ಕಾಲಿಗೆ ಪೆಟ್ಟಾಯಿತೇ ಹೊರತು ಅದಕ್ಕೇನೂ ಆಗಲಿಲ್ಲ.

"ಸ್ವಲ್ಪ ಹೊತ್ತು ಬುಡಣ್ಣ, ಬಿಸ್ಲು ಬರ್ಲಿ," ಅಂದ ತಮ್ಮ.

ಅಷ್ಟು ಸಾಕಾಯಿತು, ಪಿತ್ತ ನೆತ್ತಿಗೇರಿತು. "ನೀನೇ ಕಣ್ಲಾ ಚೋಕ್ ಎಳ್ದು ಪ್ಲಗ್ಗು ಮುಳುಗ್ಸಿರೋದು."

"ನಾನು ಮುಟ್ಟೇ ಇಲ್ಲ ಕಣಣ್ಣ. ಬೇಕಾದ್ರೆ ಪ್ಲಗ್ಗು ಬಿಚ್ಚಿ ನೋಡು, ಒಣಗಿರ್ತೈತೆ."

ಬಿಚ್ಚಿ ನೋಡಬಹುದಿತ್ತು, ಅರ್ಧ ನಿಮಿಷದ ಕೆಲಸ. ಅವನ ಹೆಗಲ ಮೇಲಿದ್ದ ನಾರಿನ ಹಗ್ಗವನ್ನು ಕಿತ್ತುಕೊಂಡು ಮಡಿಸಿ ಅವನ ಬೆನ್ನಿಗೆ ಬಾರಿಸಿದೆ. ಮತ್ತೆ ಬಾರಿಸಿದೆ. ಅಂಗಿ ಹರಿಯಿತು. ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತ. ಯಜಮಾನರು "ಸಾಕು ಬುಡಪ್ಪ, ಸತ್ತೋದಾನು" ಅನ್ನುವವರೆಗೂ ಹೊಡೆದೆ. ನಿಜ ಹೇಳಬೇಕೆಂದರೆ, ಹೊಡೆಯುವಾಗ ನನಗೆ ಹಿತವಾಗಿತ್ತು.

ತಮ್ಮ ಎದ್ದು ಕೊಡಲಿ ಎತ್ತಿಕೊಂಡ. ಒಂದು ಕ್ಷಣ ನನ್ನನ್ನು ನೋಡಿದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವನು ತಿರುಗಿ ಹೋಗಿ ಮರದ ಬುಡಕ್ಕೆ ಕೊಡಲಿ ಹಾಕಿದ. ಸಿಟ್ಟೆಲ್ಲ ಅಲ್ಲಿ ತೀರಿಸುತ್ತಿದ್ದ. ಹಗ್ಗ ಇನ್ನೂ ನನ್ನ ಕೈಯಲ್ಲೇ ಇತ್ತು. ಕಟ್ಟು ಬಾ ಅಂತ ನಾನು ಕರೆಯಲಿಲ್ಲ. ಕರೆದರೆ ಸೋತಂತೆ ಅಂದುಕೊಂಡು, ಬೆನ್ನು ತಿರುಗಿಸಿ ಮತ್ತೆ ಮಿಷನ್ನಿನ ದಾರ ಎಳೆಯುತ್ತಾ ನಿಂತೆ.

ಹದಿನೈದು ಏಟಿಗೆಲ್ಲ ಟೊಳ್ಳು ಬುಡ ಮುರಿದ ಸದ್ದಾಯಿತು. ತಿರುಗಿ ನೋಡುವಷ್ಟರಲ್ಲಿ ಮರ ಅವನತ್ತಲೇ ವಾಲಿತ್ತು. ಅವನು ಓಡಿದ, ನೀರಿನ ಕಾಲುವೆಗೆ ಕಾಲು ಸಿಕ್ಕಿ ಹೊರಳಿ ಬಿದ್ದ. ಮರ ಅವನ ಬಲಗಾಲಿನ ಮೇಲೆ ಬಿತ್ತು.

ಅವನು ಅಂಗಾತ ಬಿದ್ದಿದ್ದ. ಬಲಗಾಲು ಮೊಣಕಾಲಿನಿಂದ ಕೆಳಗೆ ಕಾಲುವೆಯೊಳಗೆ ಸಿಕ್ಕಿಕೊಂಡಿತ್ತು, ಮೇಲೆ ಮರ. ಕಾಲುವೆಯ ನೀರು ಕೆಂಪಗಾಗುತ್ತಿತ್ತು. ನಾನೂ ಯಜಮಾನರೂ ಹಾರೆ ಹಾಕಿ ಮೀಟಿದೆವು. ಮರ ಅಲುಗಲಿಲ್ಲ, ಉರುಳಿಸಿದರೆ ಮೊಣಕಾಲೂ ಪುಡಿಯಾಗುತ್ತಿತ್ತು. ತುಂಡು ಮಾಡದೆ ದಾರಿಯಿರಲಿಲ್ಲ. ಕೊಡಲಿ ತೆಗೆದುಕೊಂಡು ಮರಕ್ಕೆ ಒಂದು ಏಟು ಹಾಕಿದೆ. ತಮ್ಮ ಕಿರುಚಿಕೊಂಡ. ಇನ್ನೊಂದು ಹಾಕಿದೆ. ಏಟಿನ ಅದುರು ಮರದೊಳಗೆ ಹಾದು ನೇರ ಅವನ ಮೂಳೆಗೆ ಹೋಗುತ್ತಿತ್ತು. ಮೂರನೆಯ ಏಟಿಗೆ ಅವನು ತನ್ನ ತೋಳು ಕಚ್ಚಿಕೊಂಡಿದ್ದ.

"ಕೊಡ್ಲಿ ಬ್ಯಾಡ ಕಣಣ್ಣ," ಅಂದ. "ನಿನ್ ಕಾಲಿಗೆ ಬೀಳ್ತೀನಿ, ಕೊಡ್ಲಿ ಬ್ಯಾಡ."

ಎಳೆಯುವ ಗರಗಸ ಇದ್ದಿದ್ದರೆ ಅದುರಿಲ್ಲದೆ ಕೊಯ್ಯಬಹುದಿತ್ತು. ಅದನ್ನು ನಾನೇ ಮಾರಿ ತಿಂದಿದ್ದೆ. ಇನ್ನು ಮಿಷನ್ ಹತ್ತಬೇಕು, ಇಲ್ಲವೇ ತಮ್ಮ ಅಲ್ಲೇ ರಕ್ತ ಸುರಿದು ಸಾಯಬೇಕು. ಯಜಮಾನರು ಉಟ್ಟ ಪಂಚೆ ಹರಿದು ಅವನ ತೊಡೆಗೆ ಬಿಗಿದರು. ನಾನು ಮಿಷನ್ ಎಳೆದು ತಂದು ಅವನ ಪಕ್ಕದಲ್ಲೇ ಕೂತು ಪಾನಾ ಹಾಕಿ ಪ್ಲಗ್ಗು ಬಿಚ್ಚಿದೆ.

ಪ್ಲಗ್ಗು ಬೂದಿಯಂತೆ ಒಣಗಿತ್ತು. ಪೆಟ್ರೋಲಿನಲ್ಲಿ ಮುಳುಗುವುದಿರಲಿ, ಒಂದು ತೊಟ್ಟೂ ಒಳಗೆ ಬಂದಿರಲಿಲ್ಲ.

ತಮ್ಮ ಕಣ್ಣು ಬಿಟ್ಟು ನೋಡುತ್ತಿದ್ದ. ತುಟಿ ಬೆಳ್ಳಗಾಗಿತ್ತು. "ಪ್ಲಗ್ಗು ಹೆಂಗೈತಣ್ಣ?" ಅಂದ.

"ಒದ್ದೆಯಾಗೈತೆ," ಅಂದೆ.

ಹೌದು, ಹಾಗೆಂದೆ. ಕಾಲು ಮರದಡಿ ಜಜ್ಜಿಹೋಗುತ್ತಿದ್ದಾಗಲೂ ತಪ್ಪು ಅವನದೇ ಆಗಿರಬೇಕಿತ್ತು ನನಗೆ. ಅವನು ಕಣ್ಣು ಮುಚ್ಚಿಕೊಂಡ.

ಪ್ಲಗ್ಗನ್ನು ಕಬ್ಬಿಣಕ್ಕೆ ತಾಗಿಸಿ ದಾರ ಎಳೆದು ನೋಡಿದೆ. ಕಿಡಿ ನೀಲಿಯಾಗಿ ಚಟ್ ಎಂದಿತು. ಕಿಡಿ ಸರಿಯಿದೆ, ಟ್ಯಾಂಕಿನಲ್ಲಿ ಪೆಟ್ರೋಲಿದೆ, ಅಂದರೆ ನಡುವೆ ಎಲ್ಲೋ ಕಟ್ಟಿದೆ. ಪೈಪು ಕಿತ್ತು ಬಾಯಿಂದ ಎಳೆದೆ, ಪೆಟ್ರೋಲು ಗಂಟಲಿಗೇ ಬಂತು. ಪೈಪೂ ಸರಿಯಿದೆ. ಕಾರ್ಬೊರೇಟರ್ ಬಿಚ್ಚಿದೆ. ರಕ್ತದ ಕೈಯಿಂದ ಸ್ಕ್ರೂಗಳು ಜಾರಿ ಜಾರಿ ಬೀಳುತ್ತಿದ್ದವು. ಒಳಗಿನ ಚಿಕ್ಕ ಜಾಲರಿಯ ಮೇಲೆ, ಪೆಟ್ರೋಲು ಚಿಮ್ಮುವ ಹಿತ್ತಾಳೆಯ ಜೆಟ್ಟಿನ ತೂತಿನಲ್ಲಿ, ಬೆಳ್ಳಗೆ ಬೆಣ್ಣೆಯಂತೆ ಏನೋ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದು ಮೂಸಿದೆ.

ಕೊಬ್ಬರಿ ಎಣ್ಣೆ. ವಾರಗಟ್ಟಲೆ ಕೂತ ಮಿಷನ್ನಿನಲ್ಲಿ ಪೆಟ್ರೋಲು ಆರಿಹೋಗಿ, ಉಳಿದ ಎಣ್ಣೆ ಮಾಗಿಯ ಚಳಿಗೆ ಗಟ್ಟಿಯಾಗಿತ್ತು. ಪ್ರತಿ ಚಳಿಗಾಲ ನಮ್ಮವ್ವ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಡುತ್ತಿದ್ದಳು. ನಮ್ಮ ಸೀಮೆಯಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತಿರುವ ವಿಷಯ ನನಗೆ ಗೊತ್ತಾಗಲಿಲ್ಲ. ಬಿಸಿಲು ಬರಲಿ ಅಂದವನ ಬೆನ್ನಿನ ಚರ್ಮ ಸುಲಿದಿದ್ದೆ.

ಬಿಸಿಲು ಇನ್ನೂ ಮರಗಳ ತುದಿಯಲ್ಲೇ ಇತ್ತು. ಪೆಟ್ರೋಲು ಚೆಲ್ಲಿದ ಕಡೆ ಬೆಂಕಿ ಹಚ್ಚುವಂತಿಲ್ಲ. ಜಾಲರಿ, ಜೆಟ್ಟು ಎರಡನ್ನೂ ಬಾಯಿಗೆ ಹಾಕಿಕೊಂಡೆ. ಕಾರ್ಬೊರೇಟರನ್ನು ಬರಿಮೈಯ ಕಂಕುಳಲ್ಲಿ ಅವುಚಿ ಹಿಡಿದೆ. ಪೆಟ್ರೋಲಿಗೆ ನಾಲಿಗೆ ಸುಟ್ಟು ಬೊಬ್ಬೆ ಎದ್ದಿತು. ಅದರ ನಡುವೆ ಎಣ್ಣೆ ಕರಗಿ ಬಾಯಲ್ಲಿ ಹರಡಿತು, ಅವ್ವ ನಮ್ಮಿಬ್ಬರ ತಲೆಗೂ ತಟ್ಟುತ್ತಿದ್ದ ಅದೇ ಎಣ್ಣೆ. ನನಗೆ ಅಳು ಬಂತು. ಬಾಯಿ ತೆರೆದು ಅಳುವಂತಿರಲಿಲ್ಲ, ಜೆಟ್ಟು ಬಿದ್ದುಹೋಗುತ್ತಿತ್ತು. ಆಮೇಲೆ ಉಗಿದು, ಊದಿ, ಎಲ್ಲ ಜೋಡಿಸಿ ದಾರ ಎಳೆದೆ. ನಾಲ್ಕನೆಯ ಎಳೆತಕ್ಕೆ ಮಿಷನ್ ಕೆಮ್ಮಿತು, ಐದನೆಯದಕ್ಕೆ ಹತ್ತಿತು.

ಅವನ ಮೊಣಕಾಲಿನಿಂದ ಒಂದು ಗೇಣು ಆಚೆ ಮರ ಕೊಯ್ದೆ, ಆಮೇಲೆ ಇನ್ನೊಂದು ಕಡೆ. ಹೊಟ್ಟು ಹಾರಿ ಅವನ ಮುಖದ ಮೇಲೆ, ಗಾಯದ ಮೇಲೆಲ್ಲ ಬೀಳುತ್ತಿತ್ತು. ಅವನ ಕೂಗು ಮಿಷನ್ನಿನ ಸದ್ದಿನಲ್ಲಿ ಕೇಳುತ್ತಿರಲಿಲ್ಲ, ಬಾಯಿ ಮಾತ್ರ ಕಾಣುತ್ತಿತ್ತು. ತುಂಡನ್ನು ಎತ್ತಿದಾಗ ಕಾಲು ಕಾಲಿನಂತಿರಲಿಲ್ಲ. ಯಜಮಾನರ ಗಾಡಿಯಲ್ಲಿ ರಸ್ತೆಯವರೆಗೆ, ಅಲ್ಲಿಂದ ಕಾಯಿ ಲಾರಿಯಲ್ಲಿ ತಿಪಟೂರಿನ ಆಸ್ಪತ್ರೆಗೆ ಹೋದೆವು. ಕಾಲು ಉಳಿಯಿತು. ಮೊಣಕಾಲು ಮಾತ್ರ ಇವತ್ತಿಗೂ ಮಡಚುವುದಿಲ್ಲ.

ಡಾಕ್ಟರು ಅಂಗಿ ಕತ್ತರಿಸಿ ತೆಗೆದಾಗ ಬೆನ್ನ ತುಂಬ ಬಾಸುಂಡೆ. "ಮರ ಬಿದ್ದಿದ್ದು ಕಾಲಿನ ಮೇಲಲ್ವಾ? ಇದೇನಿದು?" ಅಂತ ನನ್ನ ಮುಖ ನೋಡಿದರು.

"ಮರಕ್ಕೆ ಕಟ್ಟಿದ್ದ ಹಗ್ಗ ಸಾರ್," ಅಂದ ತಮ್ಮ. "ಮರ ಬೀಳೋವಾಗ ಕಿತ್ಕೊಂಡ್ ಬಂದು ಬಡೀತು."

ಮೂರನೆಯ ದಿನ ಮಧ್ಯಾಹ್ನ ಅವನಿಗೆ ಗಂಜಿ ಕುಡಿಸುತ್ತಿದ್ದೆ. ಚಮಚ ಕೆಳಗಿಟ್ಟು, "ಅವತ್ತು ಪ್ಲಗ್ಗು ಒಣಗಿತ್ತು ಕಣ್ಲಾ. ಸುಳ್ಳು ಹೇಳ್ದೆ," ಅಂದೆ.

ಅವನು ನನ್ನ ನಿಕ್ಕರಿನ ತೊಡೆಯ ಮೇಲಿನ ಮಸಿಯನ್ನು ನೋಡಿದ.

"ಗೊತ್ತು ಬುಡಣ್ಣ. ಒದ್ದೆಯಾಗಿದ್ರೆ ಒರೆಸ್ಕೊತಿದ್ದೆ. ಅವತ್ತು ಒರೆಸ್ಕೊಳ್ಳಿಲ್ಲ ನೀನು."